ಪಾಸ್‌ವರ್ಡ್ ಮರೆತಿರಾ? ಫಾರ್ಮ್ಯಾಟ್ ಹೊಡೆಸುವ ಮೊದಲು ಇದನ್ನು ಓದಿ

ಜೂನ್ ಮೊದಲ ವಾರ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿತ್ತು. ಮೈಸೂರಿನ ಕುವೆಂಪುನಗರದಿಂದ ಅತ್ತಿಗೆ ಫೋನ್ ಮಾಡಿದರು. ಅವರು ಹೈಸ್ಕೂಲಿನಲ್ಲಿ ಗಣಿತದ ಟೀಚರ್.

“ಲ್ಯಾಪ್‌ಟಾಪ್ ಓಪನ್ನೇ ಆಗ್ತಿಲ್ಲ ಕಣಪ್ಪ. ಪಾಸ್‌ವರ್ಡ್ ನೆನಪಿಲ್ಲ. ಅಂಗಡಿಗೆ ತಂದಿದೀನಿ. ಫಾರ್ಮ್ಯಾಟ್ ಹೊಡೆದುಬಿಡೋಣ ಮೇಡಂ ಅಂತಿದಾರೆ. ಹೂಂ ಅನ್ಲಾ?”

“ಬೇಡ ಅತ್ತಿಗೆ. ವಾಪಸ್ ಇಸ್ಕೊಂಡು ಮನೆಗೆ ಹೋಗಿ. ನಾನು ಬರ್ತೀನಿ.”

ಅದರಲ್ಲಿ ಆರು ವರ್ಷದ ಪ್ರಶ್ನೆಪತ್ರಿಕೆಗಳಿದ್ದವು. ಮಕ್ಕಳ ಅಂಕಪಟ್ಟಿಗಳಿದ್ದವು. ಅಣ್ಣನ ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೋ ಇತ್ತು. ಅದರ ಇನ್ನೊಂದು ಕಾಪಿ ಎಲ್ಲೂ ಇರಲಿಲ್ಲ. ಒಂದು ಹೂಂ ಅಂದಿದ್ದರೆ ಅಷ್ಟೂ ಹೋಗುತ್ತಿತ್ತು.

ಮಂಡ್ಯದಲ್ಲಿ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ಪಾಸ್‌ವರ್ಡ್ ಮರೆತ ಕಂಪ್ಯೂಟರ್ ಹಿಡಿದು ಬರುವವರನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಎಲ್ಲರೂ ಹೇಳುವುದು ಒಂದೇ ಮಾತು: ‘ಪಾಸ್‌ವರ್ಡ್ ಮರೆತೋಯ್ತು.’ ಆದರೆ ಅದು ಒಂದೇ ಸಮಸ್ಯೆ ಅಲ್ಲ. ಯಾವ ಬೀಗ, ಅದು ಎಲ್ಲಿದೆ, ಅದರ ಇನ್ನೊಂದು ಬೀಗದಕೈ ಯಾರ ಹತ್ತಿರ ಇದೆ ಎಂದು ಮೊದಲು ನೋಡಬೇಕು. ಅದನ್ನು ನೋಡದೆ ಕೈ ಹಾಕಿದರೆ ಉಳಿಯಬೇಕಾದ್ದೂ ಹೋಗುತ್ತದೆ.

ಶುರು ಮಾಡುವ ಮೊದಲು ಒಂದು ಚಿಕ್ಕ ವಿಷಯ. ಎಷ್ಟೋ ಜನ ನಿಜವಾಗಿ ಮರೆತೇ ಇರುವುದಿಲ್ಲ. ಕೋರ್ಟಿನ ಹತ್ತಿರ ಟೈಪಿಂಗ್ ಮಾಡುವ ಗೆಳೆಯರೊಬ್ಬರು ಒಂದು ಬೆಳಗ್ಗೆ ಸಿಸ್ಟಮ್ ಎತ್ತಿಕೊಂಡೇ ಬಂದಿದ್ದರು. ದಿನಾ ಹೊಡೆಯುವ ಪಾಸ್‌ವರ್ಡ್, ಇವತ್ತು ತಪ್ಪು ಅನ್ನುತ್ತಿದೆ ಅಂದರು. ನೋಡಿದರೆ ತೆರೆಯ ಬಲಗಡೆ ಕೆಳಗಿನ ಭಾಷೆಯ ಗುರುತು ಕನ್ನಡಕ್ಕೆ ತಿರುಗಿತ್ತು. ಕನ್ನಡ ಟೈಪಿಂಗಿನ ‘ನುಡಿ’ಯಂಥ ತಂತ್ರಾಂಶ ಲಾಗಿನ್ ಆದಮೇಲೆ ಮಾತ್ರ ಕೆಲಸ ಮಾಡುತ್ತದೆ. ಆದರೆ ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಹಾಕಿಕೊಂಡಿದ್ದರೆ ಅದು ಲಾಗಿನ್ ಪರದೆಯಲ್ಲೂ ಇರುತ್ತದೆ. ನೀವು ಇಂಗ್ಲಿಷ್ ಅಂದುಕೊಂಡು ಒತ್ತುತ್ತೀರಿ, ಒಳಗೆ ಕನ್ನಡ ಅಕ್ಷರ ಬೀಳುತ್ತದೆ. ಕಾಣುವುದು ಬರೀ ಚುಕ್ಕಿ, ಹಾಗಾಗಿ ಗೊತ್ತಾಗುವುದಿಲ್ಲ. ವಿಂಡೋಸ್ ಕೀ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದ ಕಣ್ಣಿನ ಗುರುತು ಒತ್ತಿ ಹಿಡಿದರೆ ಏನು ಬಿದ್ದಿದೆ ಎಂದು ಕಾಣುತ್ತದೆ. ಕ್ಯಾಪ್ಸ್ ಲಾಕ್, ನಮ್ ಲಾಕ್ ಎರಡನ್ನೂ ನೋಡಿ. ಗೆಳೆಯರು ಎರಡು ನಿಮಿಷದಲ್ಲಿ ಸಿಸ್ಟಮ್ ಎತ್ತಿಕೊಂಡು ಹೊರಟರು.

ಇನ್ನು ನಿಜವಾಗಿ ಮರೆತವರ ವಿಷಯ.

ಹಳೆಯ ಪಾಸ್‌ವರ್ಡ್ ಏನಿತ್ತು ಎಂದು ‘ನೋಡಿ ಹೇಳಿ’ ಎಂದು ತುಂಬ ಜನ ಕೇಳುತ್ತಾರೆ. ಯಾರಿಗೂ ನೋಡಿ ಹೇಳಲು ಆಗುವುದಿಲ್ಲ. ಏಕೆಂದರೆ ಕಂಪ್ಯೂಟರ್ ಅದನ್ನು ಎಲ್ಲೂ ಬರೆದಿಟ್ಟುಕೊಂಡಿಲ್ಲ. ಇದು ಅರ್ಥವಾದರೆ ಮುಂದಿನದೆಲ್ಲ ಸಲೀಸು.

ನಮ್ಮ ಕಡೆ ಆಲೆಮನೆ ನೋಡದವರು ಕಡಿಮೆ. ಕಬ್ಬು ಗಾಣಕ್ಕೆ ಕೊಟ್ಟರೆ ಹಾಲು ಬರುತ್ತದೆ, ಕೊಪ್ಪರಿಗೆಯಲ್ಲಿ ಕಾಯಿಸಿ ಅಚ್ಚಿಗೆ ಹೊಯ್ದರೆ ಬೆಲ್ಲ. ಬೆಲ್ಲದಿಂದ ಮತ್ತೆ ಕಬ್ಬು ಮಾಡಲು ಆಗುತ್ತದಾ? ಇಲ್ಲ. ಕಂಪ್ಯೂಟರ್ ಒಳಗೂ ಅಂಥದೊಂದು ಆಲೆಮನೆ ಇದೆ. ನೀವು ಮೊದಲ ಸಲ ಪಾಸ್‌ವರ್ಡ್ ಇಟ್ಟಾಗ ಅದನ್ನು ಲೆಕ್ಕದ ಗಾಣಕ್ಕೆ ಹಾಕಿ ಅರೆಯುತ್ತದೆ. ಬಂದ ಉದ್ದನೆಯ ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇದಕ್ಕೆ ಹ್ಯಾಶ್ ಅನ್ನುತ್ತಾರೆ, ನಮ್ಮ ಲೆಕ್ಕದಲ್ಲಿ ಬೆಲ್ಲದ ಅಚ್ಚು. ಪ್ರತಿ ಸಲ ಲಾಗಿನ್ ಆಗುವಾಗ ನೀವು ಹೊಡೆದದ್ದನ್ನು ಮತ್ತೆ ಅದೇ ಗಾಣಕ್ಕೆ ಕೊಡುತ್ತದೆ. ಎರಡು ಅಚ್ಚೂ ಒಂದೇ ಆದರೆ ಒಳಗೆ ಬಿಡುತ್ತದೆ. ನಮ್ಮ ಆಲೆಮನೆಯಲ್ಲಿ ಒಂದೇ ಗದ್ದೆಯ ಕಬ್ಬಾದರೂ ಇವತ್ತಿನ ಬೆಲ್ಲ ನಾಳೆಯದರ ಥರ ಇರಲ್ಲ. ಕಂಪ್ಯೂಟರಿನ ಗಾಣದಲ್ಲಿ ಹಾಗಲ್ಲ, ಅದೇ ಪಾಸ್‌ವರ್ಡ್‌ಗೆ ಪ್ರತಿ ಸಲವೂ ಅದೇ ಅಚ್ಚು. ಒಂದಕ್ಷರ ಬದಲಾದರೂ ಅಚ್ಚು ಪೂರ್ತಿ ಬೇರೆ.

ಮೊದಲಿನಿಂದ ಹೀಗಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ ಬಂತು. ಫರ್ನಾಂಡೊ ಕೊರ್ಬಾಟೊ ಎಂಬವರ ತಂಡದ್ದು. ಪಾಸ್‌ವರ್ಡ್ ಬಳಕೆಗೆ ಬಂದ ಮೊದಲ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಎಲ್ಲರ ಪಾಸ್‌ವರ್ಡ್ ಒಂದು ಫೈಲಿನಲ್ಲಿ ಇದ್ದ ಹಾಗೇ ಇರುತ್ತಿತ್ತು. 1966ರಲ್ಲಿ ಒಂದು ತಪ್ಪಿನಿಂದ ಎರಡು ಫೈಲು ಅದಲುಬದಲಾದವು. ಲಾಗಿನ್ ಆದವರಿಗೆಲ್ಲ ಆ ದಿನದ ಸೂಚನೆ ಬರುವ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್ ಪಟ್ಟಿ ಬಂತು. ಆಮೇಲೆ ಇಂಗ್ಲೆಂಡಿನ ಕೇಂಬ್ರಿಜ್‌ನ ರೋಜರ್ ನೀಡಮ್ ಮತ್ತು ಜೊತೆಯವರು ಅರೆದು ಇಡುವ ದಾರಿ ತೋರಿಸಿದರು. ಇವತ್ತು ನಿಮ್ಮ ಪಾಸ್‌ವರ್ಡ್ ಅಂಗಡಿಯವರಿಗೂ ಕಾಣದೆ ಇರುವುದು ಆ ದಾರಿಯಿಂದಲೇ.

ಹಾಗಾದರೆ ಅಂಗಡಿಯವರು ‘ಪಾಸ್‌ವರ್ಡ್ ತೆಗೆದುಕೊಡ್ತೀವಿ’ ಅನ್ನುವುದು ಏನು? ಅವರು ಹಳೆಯದನ್ನು ಹುಡುಕುವುದಿಲ್ಲ. ಪೆನ್ ಡ್ರೈವಿನಿಂದ ವಿಂಡೋಸ್ ಥರದ ಇನ್ನೊಂದು ತಂತ್ರಾಂಶ ಶುರು ಮಾಡುತ್ತಾರೆ. ಆಗ ನಿಮ್ಮ ವಿಂಡೋಸ್ ಮಲಗಿರುತ್ತದೆ, ಕಾವಲುಗಾರ ಎದ್ದಿರುವುದಿಲ್ಲ. ಸಿ ಡ್ರೈವಿನಲ್ಲಿ ಆ ಅಚ್ಚು ಇರುವ ಫೈಲನ್ನು ತೆರೆದು ಅಚ್ಚನ್ನು ಅಳಿಸುತ್ತಾರೆ, ಇಲ್ಲವೇ ಬೇರೆ ಇಡುತ್ತಾರೆ. ಅಷ್ಟೆ. ನಿಮ್ಮ ಮಾಮೂಲಿ ಫೈಲು ಒಂದೂ ಹೋಗುವುದಿಲ್ಲ. ಮಂಡ್ಯದ ನನ್ನ ಸೋದರಮಾವನ ಹಳೆಯ ಡೆಸ್ಕ್‌ಟಾಪ್ ಹೀಗೇ ತೆರೆದದ್ದು. ಅದರಲ್ಲಿ ಅವರ ಕಬ್ಬಿನ ಕಟಾವು, ಗೊಬ್ಬರ, ಕೂಲಿ ಲೆಕ್ಕ ಎಲ್ಲ ಇತ್ತು. ಅರ್ಧ ಗಂಟೆಯ ಕೆಲಸ. ಹಳೆಯ ಸಿಸ್ಟಮ್‌ಗೆ ಫಾರ್ಮ್ಯಾಟ್ ಕೊನೆಯ ದಾರಿಯೇ ಹೊರತು ಮೊದಲನೆಯದಲ್ಲ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಲಾಗಿನ್ ಪಾಸ್‌ವರ್ಡ್ ಅನ್ನುವುದು ಮನೆ ಬಾಗಿಲಿನ ಕಾವಲುಗಾರ. ಅವನನ್ನು ದಾಟಿದರೆ ಒಳಗಿನ ಸಾಮಾನು ಬಯಲಲ್ಲೇ ಇರುತ್ತದೆ. ಆದರೆ ಈಗ ಬರುವ ಬಹುಪಾಲು ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಇಮೇಲ್ ಕೊಟ್ಟು ಮಾಡುವ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದರೆ ಡಿಸ್ಕ್ ಪೂರ್ತಿ ತಾನಾಗಿಯೇ ಗೂಢಲಿಪಿಗೆ ತಿರುಗುತ್ತದೆ. ಬಿಟ್‌ಲಾಕರ್ ಅನ್ನುವುದು ಇದನ್ನೇ. ಇಲ್ಲಿ ಸಾಮಾನು ಟ್ರಂಕಿನಲ್ಲಿದೆ, ಟ್ರಂಕಿಗೆ ಬೇರೆ ಬೀಗ ಇದೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಅರ್ಥವಿಲ್ಲದ ಅಂಕಿಗಳಷ್ಟೇ ಕಾಣುತ್ತವೆ. ಬೀಗದಕೈ ಲ್ಯಾಪ್‌ಟಾಪಿನ ಒಳಗೇ ಇರುವ ಟಿಪಿಎಂ ಎಂಬ ಚಿಪ್‌ನಲ್ಲಿ ಇರುತ್ತದೆ. ಎಲ್ಲ ಮಾಮೂಲಿನಂತಿದ್ದರೆ ಅದು ಸದ್ದಿಲ್ಲದೆ ಬೀಗ ತೆಗೆಯುತ್ತದೆ. ಶುರುವಾಗುವ ರೀತಿಯಲ್ಲಿ ಏನೋ ಬದಲಾಗಿದೆ ಎಂದು ಕಂಡರೆ ಕೈಕಟ್ಟಿ ನಿಲ್ಲುತ್ತದೆ. ಆಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ.

ಅತ್ತಿಗೆಯ ಮನೆಗೆ ಹೋದಾಗ ಲ್ಯಾಪ್‌ಟಾಪ್ ಆ ನೀಲಿ ಪರದೆಯಲ್ಲೇ ನಿಂತಿತ್ತು. ಅಂಗಡಿಯಲ್ಲಿ ಪೆನ್ ಡ್ರೈವ್ ಓಡಿಸಲು ವಿಂಡೋಸ್‌ಗೂ ಮೊದಲು ಓಡುವ ಬಯೋಸ್‌ಗೆ ಹೋಗಿ, ನಂಬಿಕೆಯ ತಂತ್ರಾಂಶ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಆಫ್ ಮಾಡಿದ್ದರು. ಚಿಪ್‌ಗೆ ಅನುಮಾನ ಬಂದಿತ್ತು. ಒಂದು ಬೀಗ ತೆಗೆಯಲು ಹೋಗಿ ಇನ್ನೊಂದು ಬಿದ್ದಿತ್ತು.

“ಮೊದಲು ಏನಾಯ್ತು ಹೇಳಿ” ಅಂದೆ.

“ರಜೇಲಿ ಮಗಳು ಏನೇನೋ ಒತ್ತಿದಳು. ಆಮೇಲೆ ಎ1ಬಿ2ಸಿ3 ಹಾಕಿ ಅಂತ ಬಂತು. ಅದನ್ನೇ ಪಾಸ್‌ವರ್ಡ್ ಅಂದ್ಕೊಂಡು ಹಾಕ್ತಾನೇ ಇದ್ದೆ.”

ಇದು ತುಂಬ ಜನರನ್ನು ಗಲಿಬಿಲಿ ಮಾಡುವ ಜಾಗ. ಎ1ಬಿ2ಸಿ3 ಯಾರ ಪಾಸ್‌ವರ್ಡೂ ಅಲ್ಲ. ಪಿನ್ ಹಲವು ಸಲ ತಪ್ಪಾದರೆ, ಒತ್ತುತ್ತಿರುವುದು ಮನುಷ್ಯರೇನಾ, ಬ್ಯಾಗಿನಲ್ಲಿ ಕೀ ತಾನಾಗಿ ಒತ್ತಿಕೊಳ್ಳುತ್ತಿದೆಯಾ ಎಂದು ವಿಂಡೋಸ್ ಹೀಗೆ ಪರೀಕ್ಷೆ ಮಾಡುತ್ತದೆ. ಅದನ್ನು ಹಾಕಿದಮೇಲೆ ನಿಮ್ಮದೇ ಪಿನ್ ಹಾಕಬೇಕು.

ಪಿನ್ ಬೇರೆ, ಪಾಸ್‌ವರ್ಡ್ ಬೇರೆ. ಪಿನ್ ಆ ಒಂದು ಲ್ಯಾಪ್‌ಟಾಪಿಗೆ ಮಾತ್ರ ಸೇರಿದ್ದು. ಅದು ಇಂಟರ್‌ನೆಟ್ಟಿಗೆ ಹೋಗುವುದಿಲ್ಲ. ಪಾಸ್‌ವರ್ಡ್ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನದು, ಎಲ್ಲಿಂದ ಬೇಕಾದರೂ ಬದಲಿಸಬಹುದು. ದಿನಾ ಪಿನ್ ಒತ್ತಿ ಅಭ್ಯಾಸವಾಗಿ ಎರಡು ಮೂರು ವರ್ಷದಲ್ಲಿ ಪಾಸ್‌ವರ್ಡ್ ಪೂರ್ತಿ ಮರೆತುಹೋಗುತ್ತದೆ. ಅತ್ತಿಗೆಗೆ ಆಗಿದ್ದೂ ಅದೇ. ಪಿನ್ ಮರೆತು ಪಾಸ್‌ವರ್ಡ್ ನೆನಪಿದ್ದರೆ ಚಿಂತೆಯೇ ಇಲ್ಲ. ಲಾಗಿನ್ ಪರದೆಯಲ್ಲೇ ಪಿನ್ ಮರೆತಿದ್ದೇನೆ ಎಂಬ ಸಾಲು ಇರುತ್ತದೆ, ವೈಫೈ ಇದ್ದರೆ ಅಲ್ಲೇ ಹೊಸದು ಇಡಬಹುದು.

ಎರಡೂ ಮರೆತಿದ್ದರೆ ಲ್ಯಾಪ್‌ಟಾಪ್ ಮುಚ್ಚಿ, ಫೋನ್ ತೆಗೆಯಿರಿ. ಕೆಲಸ ಅಲ್ಲಿಂದ ಶುರು. ಅಕೌಂಟ್ ಡಾಟ್ ಲೈವ್ ಡಾಟ್ ಕಾಮ್‌ನಲ್ಲಿ ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿ ಇಮೇಲ್ ಕೊಟ್ಟರೆ, ನೀವು ಮೊದಲು ಕೊಟ್ಟಿದ್ದ ನಂಬರಿಗೆ ಅಥವಾ ಇನ್ನೊಂದು ಇಮೇಲಿಗೆ ಕೋಡ್ ಕಳಿಸುತ್ತದೆ. ಎಷ್ಟೋ ಜನ ಸೋಲುವುದು ಇಲ್ಲೇ. ಆ ನಂಬರ್ ಈಗ ಇಲ್ಲ! ಆಫರ್ ಬಂತೆಂದು ಸಿಮ್ ಬದಲಿಸಿರುತ್ತೀರಿ, ಹಳೆಯದಕ್ಕೆ ರೀಚಾರ್ಜ್ ನಿಲ್ಲಿಸಿರುತ್ತೀರಿ. ನಮ್ಮ ದೇಶದಲ್ಲಿ ಬಂದ್ ಆದ ನಂಬರನ್ನು 90 ದಿನ ಕಳೆದಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ನಿಮ್ಮ ಕೋಡ್ ಗೊತ್ತಿಲ್ಲದ ಯಾರದೋ ಫೋನಿಗೆ ಹೋಗಬಹುದು ಎಂದಾಯಿತು, ಅಲ್ವಾ? ಪಾಸ್‌ವರ್ಡ್ ಮರೆಯುವುದಕ್ಕಿಂತ ಇದು ದೊಡ್ಡ ತೊಂದರೆ ಎಂದು ನನಗೆ ಅನ್ನಿಸುತ್ತದೆ. ಸಿಮ್ ಬದಲಿಸುವ ದಿನವೇ ಅಕೌಂಟಿನಲ್ಲೂ ನಂಬರ್ ಬದಲಿಸಿ.

ನಂಬರೂ ಇಲ್ಲ, ಇಮೇಲೂ ಇಲ್ಲ ಎಂದಾದರೆ ಒಂದು ಫಾರಂ ಇದೆ. ಹಳೆಯ ಪಾಸ್‌ವರ್ಡ್‌ಗಳು, ಕಳಿಸಿದ ಮೇಲ್‌ಗಳ ವಿಷಯ ಇಂಥವನ್ನೆಲ್ಲ ಕೇಳುತ್ತದೆ. ನಿಧಾನವಾಗಿ, ನೆನಪು ಮಾಡಿಕೊಂಡು ತುಂಬಬೇಕು. ಅಕೌಂಟಿನಲ್ಲಿರುವ ಹಳೆಯ ನಂಬರ್, ಇಮೇಲ್‌ಗಳನ್ನೆಲ್ಲ ಒಟ್ಟಿಗೆ ತೆಗೆದು ಹೊಸದು ಹಾಕಿದರೆ 30 ದಿನ ಕಾಯಿಸುತ್ತದೆ. ಬೇಜಾರಾಗುತ್ತದೆ, ನಿಜ. ಆದರೆ ಬದಲಿಸಿದವರು ಕಳ್ಳರಾಗಿದ್ದರೆ ನಿಜವಾದ ಯಜಮಾನರಿಗೆ ತಡೆಯಲು ಸಿಗುವ ಸಮಯ ಅದು.

ಅತ್ತಿಗೆಯ ಹಳೆಯ ನಂಬರ್ ಹೋಗಿತ್ತು. ಅಕೌಂಟಿನಲ್ಲಿ ಅಣ್ಣನ ಇಮೇಲೂ ಇತ್ತು. ಅವರು ಯಾವತ್ತೋ ಹಾಕಿ ಮರೆತಿದ್ದರು. ಕೋಡ್ ಅಲ್ಲಿಗೆ ಬಂತು. ಹೊಸ ಪಾಸ್‌ವರ್ಡ್ ಇಟ್ಟು ಫೋನಿನಲ್ಲೇ ಅಕೌಂಟ್ ತೆರೆದೆವು. ಅದರಲ್ಲಿ ಡಿವೈಸ್‌ಗಳ ಪಟ್ಟಿ, ಲ್ಯಾಪ್‌ಟಾಪಿನ ಹೆಸರು, ಅದರ ಕೆಳಗೆ ರಿಕವರಿ ಕೀ. ನೀಲಿ ಪರದೆಯಲ್ಲಿ ಕೀಯ ಗುರುತಿನ ಕೆಲವು ಅಕ್ಷರ ಕಾಣುತ್ತವೆ. ಪಟ್ಟಿಯಲ್ಲಿ ಒಂದಕ್ಕಿಂತ ಜಾಸ್ತಿ ಕೀ ಇದ್ದರೆ ಅದನ್ನು ತಾಳೆ ನೋಡಿ ಸರಿಯಾದದ್ದನ್ನು ತೆಗೆದುಕೊಳ್ಳಬೇಕು. 48 ಅಂಕಿ ಹಾಕಿದೆವು, ಟ್ರಂಕು ತೆರೆಯಿತು. ಲಾಗಿನ್ ಪರದೆಯಲ್ಲಿ ಬಲಗಡೆ ಕೆಳಗಿನ ಗುರುತು ಒತ್ತಿ ಮೊದಲು ವೈಫೈ ಸೇರಿಸಿದೆವು. ಇದನ್ನು ಮರೆಯಬೇಡಿ. ಇಂಟರ್‌ನೆಟ್ ಇಲ್ಲದಿದ್ದರೆ ಫೋನಿನಲ್ಲಿ ಇಟ್ಟ ಹೊಸ ಪಾಸ್‌ವರ್ಡ್ ಲ್ಯಾಪ್‌ಟಾಪಿಗೆ ಗೊತ್ತಾಗುವುದೇ ಇಲ್ಲ, ಹಳೆಯದನ್ನೇ ಕೇಳುತ್ತಾ ಕೂರುತ್ತದೆ.

ಆ ಕೀ ಎಲ್ಲೂ ಇಲ್ಲದಿದ್ದರೆ? ಯಾರಿಗೂ ತೆರೆಯಲು ಆಗುವುದಿಲ್ಲ. ಮೈಕ್ರೋಸಾಫ್ಟ್‌ನವರೂ ಹೊಸ ಕೀ ಮಾಡಿಕೊಡಲಾರರು. ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಂಗಡಿ ಅಂಗಡಿ ಹತ್ತಿದರೂ ಅಷ್ಟೇ. ಎಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದೊಂದೇ ಉಳಿಯುತ್ತದೆ. ತೆಗೆದುಕೊಡ್ತೀವಿ ಎಂದು ದುಡ್ಡು ಕೇಳುವವರನ್ನು ನಂಬಬೇಡಿ.

ಇಮೇಲ್ ಕೊಡದೆ ಬರೀ ಹೆಸರು, ಪಾಸ್‌ವರ್ಡ್ ಹಾಕಿ ಮಾಡಿಕೊಂಡದ್ದು ಲೋಕಲ್ ಅಕೌಂಟ್. ಅದರ ಬೀಗದಕೈ ಇಂಟರ್‌ನೆಟ್ಟಿನಲ್ಲಿ ಇರುವುದಿಲ್ಲ. 2018ರ ಏಪ್ರಿಲ್ ಅಪ್‌ಡೇಟ್ ಆದಮೇಲೆ ವಿಂಡೋಸ್ 10ರಲ್ಲಿ ಇಂಥ ಅಕೌಂಟಿಗೆ ಮೂರು ಪ್ರಶ್ನೆ ಕೇಳಿ ಇಟ್ಟುಕೊಳ್ಳುವುದು ಶುರುವಾಯಿತು. ಮೊದಲು ಸಾಕಿದ ಪ್ರಾಣಿಯ ಹೆಸರು, ಹುಟ್ಟಿದ ಊರು, ಹೀಗೆ. ಒಂದು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಕೆಳಗೆ ಪಾಸ್‌ವರ್ಡ್ ರೀಸೆಟ್ ಎಂಬ ಸಾಲು ಬರುತ್ತದೆ. ಒತ್ತಿ, ಉತ್ತರ ಕೊಡಿ. ಹುಟ್ಟಿದ ಊರನ್ನು ಮೈಸೂರು ಎಂದು ಯಾವ ಸ್ಪೆಲ್ಲಿಂಗಿನಲ್ಲಿ ಬರೆದಿದ್ದಿರಿ ಎಂದು ಯೋಚಿಸಿ. ಹಳೆಯದೋ, 2014ರಲ್ಲಿ ಬದಲಾದ ಹೊಸದೋ? ಇಂಥ ಒಂದು ಅಕ್ಷರಕ್ಕೆ ಸಿಕ್ಕಿಕೊಂಡವರನ್ನು ನೋಡಿದ್ದೇನೆ.

ಮನೆಯಲ್ಲಿ ಬೇರೆಯವರಿಗೆ ಅದೇ ಕಂಪ್ಯೂಟರಿನಲ್ಲಿ ಎಲ್ಲ ಬದಲಿಸುವ ಹಕ್ಕಿರುವ ಅಡ್ಮಿನ್ ಅಕೌಂಟ್ ಇದ್ದರೆ ಅವರು ಒಳಗೆ ಹೋಗಿ ನಿಮಗೆ ಹೊಸ ಪಾಸ್‌ವರ್ಡ್ ಇಡಬಹುದು. ಹಾಗೆ ಮಾಡಿದರೆ ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು ಹೋಗಬಹುದು. ನೀವೇ ಗೂಢಲಿಪಿ ಮಾಡಿಟ್ಟ ಫೈಲುಗಳೂ ಮತ್ತೆ ತೆರೆಯದೆ ಇರಬಹುದು. ಅವುಗಳ ಬೀಗ ಹಳೆಯ ಪಾಸ್‌ವರ್ಡ್‌ಗೇ ಕಟ್ಟಿರುತ್ತದೆ. ಉಳಿದ ಫೋಟೋ, ವರ್ಡ್ ಫೈಲುಗಳಿಗೆ ಏನೂ ಆಗುವುದಿಲ್ಲ. ಪೆನ್ ಡ್ರೈವಿನಿಂದ ಅಚ್ಚು ಅಳಿಸಿದರೂ ಇದೇ ಮಾತು.

ಕೊನೆಗೆ ಫಾರ್ಮ್ಯಾಟೇ ಗತಿ ಎಂದಾದರೂ, ಡಿಸ್ಕಿಗೆ ಬಿಟ್‌ಲಾಕರ್ ಇಲ್ಲದಿದ್ದರೆ ಒಂದು ಕೆಲಸ ಮಾಡಿಸಿ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಂಗಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಫೈಲುಗಳೆಲ್ಲ ಕಾಣುತ್ತವೆ. ಕಾಪಿ ಮಾಡಿಕೊಂಡು, ನಾಲ್ಕು ಫೋಟೋ ತೆರೆದು ನೋಡಿ, ಆಮೇಲೆ ಹೂಂ ಅನ್ನಿ.

ವಿಂಡೋಸ್ ಬದಲು ಉಬುಂಟು ಬಳಸುವವರಿಗೆ ದಾರಿ ಸುಲಭ. ಶುರುವಾಗುವಾಗ ಬರುವ ಗ್ರಬ್ ಎಂಬ ಪಟ್ಟಿಯಲ್ಲಿ ರಿಕವರಿ ಮೋಡ್ ಆರಿಸಿ, ರೂಟ್ ಶೆಲ್ ಎಂಬ ಆದೇಶ ಟೈಪ್ ಮಾಡುವ ಪರದೆಗೆ ಹೋಗಿ ಹೊಸ ಪಾಸ್‌ವರ್ಡ್ ಇಡಬಹುದು. ಡಿಸ್ಕ್ ಗೂಢಲಿಪಿಯಲ್ಲಿದ್ದರೆ ಇಲ್ಲೂ ಟ್ರಂಕಿನ ಮಾತೇ. ಮ್ಯಾಕ್‌ನಲ್ಲಿ ಕೆಲವು ಸಲ ತಪ್ಪಾದಮೇಲೆ ಆಪಲ್ ಅಕೌಂಟಿನಿಂದ ಬದಲಿಸುವ ದಾರಿಯನ್ನು ಅದೇ ತೋರಿಸುತ್ತದೆ. ವಿಂಡೋಸ್ ಶುರುವಾಗುವ ಮೊದಲೇ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳಿದರೆ ಅದು ಬಯೋಸ್ ಪಾಸ್‌ವರ್ಡ್. ಅದಕ್ಕೂ ವಿಂಡೋಸ್‌ಗೂ ಸಂಬಂಧವಿಲ್ಲ. ಬಿಲ್ಲು ಹಿಡಿದು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗುವುದು ಒಳ್ಳೆಯದು.

ಗಾಬರಿಯಲ್ಲಿದ್ದಾಗ ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ಸಹಾಯವಾಣಿ ನಂಬರಿಗೆ ಫೋನ್ ಮಾಡಬೇಡಿ. ಕೈಮುಗಿದು ಕೇಳಿಕೊಳ್ಳುತ್ತಿದ್ದೇನೆ. ಅವುಗಳಲ್ಲಿ ಎಷ್ಟೋ ಮೋಸದವು. ಆ್ಯಪ್ ಹಾಕಿಸಿ, ನಿಮ್ಮ ಪರದೆ ನೋಡುತ್ತಾ ಬ್ಯಾಂಕಿನವರೆಗೂ ಹೋಗುತ್ತಾರೆ. ಬಂದ ಕೋಡನ್ನು ಯಾರಿಗೂ ಓದಿ ಹೇಳಬಾರದು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನಾನು ಹೇಳಿದ್ದೆಲ್ಲ ನಿಮ್ಮದೇ ಕಂಪ್ಯೂಟರಿನ ಮಾತು. ಬೇರೆಯವರದನ್ನು ಅವರ ಒಪ್ಪಿಗೆ ಇಲ್ಲದೆ ತೆರೆಯುವುದು ಐಟಿ ಕಾಯ್ದೆಗೆ ವಿರುದ್ಧ. ನನ್ನ ಅಂಗಡಿಗೆ ಪರಿಚಯವಿಲ್ಲದವರು ತಂದರೆ ನಾನು ಬಿಲ್ಲು ಕೇಳುತ್ತೇನೆ.

ಲಾಗಿನ್ ಆಗುತ್ತಿರುವಾಗಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸ ಹತ್ತು ನಿಮಿಷದ್ದು. ಅಕೌಂಟಿನಲ್ಲಿ ಈಗಿನ ನಂಬರ್ ಇದೆಯಾ ನೋಡಿ. ಮನೆಯವರೊಬ್ಬರ ಇಮೇಲ್ ಸೇರಿಸಿ. ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಅಲ್ಲ, ಮನೆಯ ಪತ್ರಗಳ ಜೊತೆ ಇಡಿ. ಮುಖ್ಯವಾದ ಫೈಲುಗಳ ಇನ್ನೊಂದು ಕಾಪಿ ಬೇರೆ ಡಿಸ್ಕಿನಲ್ಲಿ ಇರಲಿ.

ಆ ಸಂಜೆ ಅತ್ತಿಗೆ ಕಾಫಿ ಕೊಟ್ಟು, ಕೀ ಬರೆದಿಟ್ಟುಕೊಳ್ಳಲು ಕೂತರು. ಆರು ಆರು ಅಂಕಿಯ ಎಂಟು ಗುಂಪು. ಬರೆದು ಮುಗಿದಮೇಲೆ ನಾನು ಹೇಳಿದೆ: “ಅತ್ತಿಗೆ, ಇದರಲ್ಲಿ ಪ್ರತಿ ಗುಂಪೂ 11ರಿಂದ ಪೂರ್ತಿ ಭಾಗವಾಗುತ್ತೆ. ಬರೆಯೋವಾಗ ತಪ್ಪಾದ್ರೆ ಗೊತ್ತಾಗಲಿ ಅಂತಾನೇ ಹಾಗೆ ಮಾಡಿದಾರೆ.”

ಅವರು ತಲೆ ಎತ್ತಿ ನೋಡಿದರು. ಕನ್ನಡಕ ಸರಿ ಮಾಡಿಕೊಂಡು ಪೆನ್ಸಿಲ್ ತೆಗೆದುಕೊಂಡರು. ಮಕ್ಕಳಿಗೆ ವರ್ಷ ವರ್ಷ ಹೇಳಿಕೊಡುವ ಸೂತ್ರ ತಾನೆ? ಒಂದು ಬಿಟ್ಟು ಒಂದು ಅಂಕಿ ಕೂಡಿ, ಉಳಿದವನ್ನು ಬೇರೆ ಕೂಡಿ, ಒಂದರಿಂದ ಇನ್ನೊಂದು ಕಳೆದರೆ 0 ಅಥವಾ 11, 22 ಬರಬೇಕು. ಉದಾಹರಣೆಗೆ 271513 ತೆಗೆದುಕೊಳ್ಳಿ, ಇದು ಅವರ ಕೀ ಅಲ್ಲ. 2, 1, 1 ಕೂಡಿದರೆ 4. 7, 5, 3 ಕೂಡಿದರೆ 15. ವ್ಯತ್ಯಾಸ 11, ಸರಿ ಇದೆ. ಅಲ್ಲಿನ 7 ಅನ್ನು 1 ಎಂದು ಬರೆದಿದ್ದರೆ ವ್ಯತ್ಯಾಸ 5 ಬರುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತದೆ.

ಐದು ಗುಂಪಿಗೆ ಸಣ್ಣದಾಗಿ ರೈಟ್ ಹಾಕಿಕೊಂಡು ಬಂದರು. ಆರನೆಯದರಲ್ಲಿ ಪೆನ್ಸಿಲ್ ನಿಂತಿತು. ಇನ್ನೊಂದು ಸಲ ಕೂಡಿದರು. ಫೋನ್ ಹತ್ತಿರ ಎಳೆದು ನೋಡಿದರು. ಅಲ್ಲಿ 7 ಇತ್ತು, ಇವರು 1 ಬರೆದಿದ್ದರು.

ರಬ್ಬರ್ ತಂದು ಅಳಿಸಿ, 7ಕ್ಕೆ ಅಡ್ಡಗೆರೆ ಎಳೆದು ಬರೆದರು. ಮತ್ತೆ ಕೂಡಿ, ಕಳೆದು, ರೈಟ್ ಹಾಕಿದರು. ಏಳನೆಯದು, ಎಂಟನೆಯದು ನೋಡಿ ಮುಗಿಸಿ, ಕಾಗದ ಮಡಚಿ ಬೀರುವಿನಲ್ಲಿ ಮನೆಪತ್ರದ ಕವರಿಗೆ ಹಾಕಿಟ್ಟರು.